ಕೈ ಕಟ್ಟಿ ಕೂಡ್ರಿಸಿದ ಹುಡುಗಿ

ಸೀಮೆಸುಣ್ಣ ಮತ್ತು ಕೊಬ್ಬರಿ ಎಣ್ಣೆಯ ವಾಸನೆ ಒಟ್ಟಿಗೆ ಬಂದರೆ ಈ ವಯಸ್ಸಿನಲ್ಲೂ ನಾನು ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತೇನೆ. ಇಚಲಕರಂಜಿಯ ಬಾಲವರ್ಗದ ವಾಸನೆ ಅದು. ಮಕ್ಕಳಿಂದ ನನಗೆ ಎಂದೂ ಹೇಸಿಗೆಯಾಗಿಲ್ಲ. ಮೂಗು ಒರೆಸಿದ್ದೇನೆ, ಹೇನು ಹೆಕ್ಕಿದ್ದೇನೆ, ಕುಂಡೆ ತೊಳೆದಿದ್ದೇನೆ. ಹೇಸಿಗೆ ಬಂದದ್ದು ದೊಡ್ಡವರಿಂದ, ಅವರಲ್ಲೂ ಮೊದಲು ನನ್ನಿಂದ.

ಎರಡನೆಯ ಮಹಾಯುದ್ಧ ನಡೆದಿದ್ದ ವರ್ಷಗಳು. ಗಡಹಿಂಗ್ಲಜದಲ್ಲಿ ಏಳನೆಯ ಇಯತ್ತೆ ಪಾಸಾಗಿ ನಾನು ಇಚಲಕರಂಜಿಯ ಸೋದರಮಾವನ ಮನೆಗೆ ಬಂದಿದ್ದೆ. ನೂಲಿನ ವ್ಯಾಪಾರದ ಮನೆಯ ಹಿರಿಯ ಹೆಂಗಸೊಬ್ಬರು ತಮ್ಮ ವಾಡೆಯ ಪಡಸಾಲೆಯಲ್ಲಿ ಮೂರರಿಂದ ಐದು ವರ್ಷದ ಮಕ್ಕಳಿಗಾಗಿ ಬಾಲವರ್ಗ ತೆರೆದರು. ಊರಿನವರೆಲ್ಲ ಅವರನ್ನು ಕಾಕು ಎನ್ನುತ್ತಿದ್ದರು. ಕಾಕು ಪುಣೆಗೆ ಹೋದಾಗ ಅಂಥದೊಂದು ಶಾಲೆ ನೋಡಿ ಬಂದಿದ್ದರಂತೆ. ಬಣ್ಣದ ಕಟ್ಟಿಗೆಯ ತುಂಡುಗಳು, ಚಿಕ್ಕ ಚಿಕ್ಕ ಚಾಪೆಗಳು, ಹತ್ತು ಗಂಟೆಗೆ ಒಂದು ಲೋಟ ಹಾಲು. ಕಲಿಸುವವಳು ನಾನೊಬ್ಬಳೇ. ಮನೆಯಲ್ಲಿ ಕನ್ನಡ ಆಡುವ ಮಕ್ಕಳಿಗೂ ಮರಾಠಿಯಲ್ಲೇ ಪಾಠ.

“ನಮ್ಮಲ್ಲಿ ಎಲ್ಲಾ ಮಕ್ಕಳೂ ಒಂದ” ಎಂದು ಕಾಕು ಬಂದವರಿಗೆಲ್ಲ ಹೇಳುತ್ತಿದ್ದರು. ಊರಾಚೆಯ ಕೇರಿಯಿಂದ ಬರುವ ಮೂರು ಮಕ್ಕಳಿಗೆ ಮಾತ್ರ ಹಾಲು ಎಲೆಯ ದೊನ್ನೆಯಲ್ಲಿ, ಅದೂ ಮೇಲಿನಿಂದ ಸುರಿಯಬೇಕು. ಸುರಿಯುತ್ತಿದ್ದವಳು ನಾನು. ಹಾಲು ಆ ಮಕ್ಕಳ ಮೊಣಕಾಲಿಗೆ ಸಿಡಿಯುತ್ತಿತ್ತು, ನೊಣ ಮುತ್ತುತ್ತಿದ್ದವು. ಆಗ ನನಗೆ ನೊಣಗಳದ್ದಷ್ಟೇ ಹೇಸಿಗೆ ಎನಿಸುತ್ತಿತ್ತು.

ಅಲ್ಲಿಗೆ ಒಂದು ದಿನ ಮಗ್ಗದ ಓಣಿಯ ತಾಯಿಯೊಬ್ಬಳು ನಾಲ್ಕು ವರ್ಷದ ಮಗಳನ್ನು ಕರೆತಂದಳು.

“ಕಿವಿ ಕೇಳಂಗಿಲ್ರಿ ಅಕ್ಕೋರ, ಮಾತೂ ಬರಂಗಿಲ್ಲ. ಆದ್ರ ಎಲ್ಲಾ ತಿಳಿತೈತ್ರಿ ಆಕಿಗೆ. ಮಕ್ಕಳ ಜೋಡಿ ಕುಂಡ್ರಲಿ” ಎಂದಳು.

ಕಾಕು ಸೇರಿಸಿಕೊಂಡರು. ಕರುಣೆಯಿಂದ ಎಂದು ನಾನು ತಿಳಿದಿದ್ದೆ. ಆಕೆ ಹೋದ ಮೇಲೆ ಅವರೇ, “ಇಂಥಾವ್ರನ್ನೂ ತಗೊಂಡೀವಿ ಅಂತ ಹೇಳಾಕ ಬರ್ತೈತಿ” ಎಂದರು.

ಮಗ್ಗದ ಓಣಿಯವರದು ಒಂದು ರೂಢಿಯಿತ್ತು. ಯಂತ್ರಮಗ್ಗಗಳು ಬಡಿಯತೊಡಗಿದರೆ ಪಕ್ಕದವನು ಕೂಗಿದರೂ ಕೇಳಿಸುವುದಿಲ್ಲ. ಹಾಗಾಗಿ ಅವರು ಕೈಯಲ್ಲೇ ಮಾತಾಡುತ್ತಿದ್ದರು. ಎರಡು ಬೆರಳು ಚಟ್ಟನೆ ಬಿಡಿಸಿದರೆ ಎಳೆ ಹರಿದಿದೆ, ಹೆಬ್ಬೆರಳು ತುಟಿಗೆ ತಂದರೆ ಚಹಾ, ಹಣೆಯ ಮೇಲೆ ಅಂಗೈ ಸವರಿದರೆ ಮಾಲಕ ಬರುತ್ತಿದ್ದಾನೆ. ಮನೆಗೆ ಬಂದರೂ ಅರ್ಧ ಮಾತು ಕೈಯಲ್ಲೇ. ಆ ಹುಡುಗಿ ಹುಟ್ಟಿದ್ದೇ ಅಂಥ ಮನೆಯಲ್ಲಿ. ಆಕೆಗೆ ಮಾತಿಗೇನೂ ಬರವಿರಲಿಲ್ಲ. ಬೆಕ್ಕು ಮರಿ ಹಾಕಿದ್ದನ್ನು, ಅಪ್ಪ ಅಜ್ಜಿಯ ಜೋಡಿ ಜಗಳವಾಡಿದ್ದನ್ನು ಹತ್ತು ಬೆರಳಲ್ಲಿ ನಗುತ್ತ ಹೇಳುತ್ತಿದ್ದಳು. ತಿಂಗಳೊಪ್ಪತ್ತಿನಲ್ಲಿ ನಮ್ಮ ಮಕ್ಕಳೆಲ್ಲ ಅವಳ ಮಾತು ಕಲಿತುಬಿಟ್ಟರು. ನಾನು ಕಲಿಯಲಿಲ್ಲ. ಕಲಿಸುವವಳು ಕಲಿಯುವುದುಂಟೇ ಎಂಬ ಧಿಮಾಕು.

ಒಂದು ಮುಂಜಾನೆ ಮಕ್ಕಳೆಲ್ಲ ಗುಂಪುಗೂಡಿ ಕೈಯಾಡಿಸುತ್ತ ನಗುವುದನ್ನು ಕಾಕು ಕಂಡರು. ಅವರ ಮುಖ ಹುಳಿ ಕುಡಿದಂತಾಯಿತು.

“ಏನಿದು ಮಂಗ್ಯಾನ ಚಾಳಿ? ಒಬ್ಬಾಕಿದು ಎಲ್ಲಾರಿಗೂ ಹತ್ತೈತಿ. ಕೈ ಕಟ್ಟಿಸಿ ಕುಂಡ್ರಿಸು” ಎಂದರು.

ಆ ಕಡೆಯ ಶಾಲೆಗಳಲ್ಲೆಲ್ಲ ಒಂದು ಅಪ್ಪಣೆಯಿತ್ತು: ‘ಹಾತಾಚೀ ಘಡೀ, ತೋಂಡಾವರ ಬೋಟ.’ ಒಂದು ಕೈ ಎದೆಗೆ ಮಡಚಿ, ಇನ್ನೊಂದರ ಬೆರಳನ್ನು ತುಟಿಯ ಮೇಲಿಟ್ಟು ಗಪ್ಪಾಗಿ ಕೂಡ್ರಬೇಕು. ಬೇರೆ ಮಕ್ಕಳಿಗೆ ಅದು ಐದು ನಿಮಿಷದ ಶಿಸ್ತು. ಕೈ ಬಿಟ್ಟೊಡನೆ ಬಾಯಿ ಶುರು. ಅವಳಿಗೆ ಮಾತ್ರ ಅದು ನಾಲಗೆಯನ್ನೇ ಕಟ್ಟಿದ ಹಾಗೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆಯನ್ನು ನಾನೇ ಮಕ್ಕಳಿಗೆ ಹೇಳಿಕೊಡುತ್ತಿದ್ದೆ, ಮತ್ತು ಆ ಹುಡುಗಿಯ ಕೈಗಳನ್ನು ದಿನಕ್ಕೆ ಹತ್ತು ಸಲ ಹಿಡಿದು ಮಡಚುತ್ತಿದ್ದೆ. ಬಿಚ್ಚಿದರೆ ಕಟ್ಟಿಗೆಯ ಪಟ್ಟಿಯಿಂದ ಬೆರಳ ಗಂಟಿಗೆ ಒಂದು ಏಟು. ಏಳನೆಯ ತಿಂಗಳಿಗೆ ಎಲ್ಲರಿಗಿಂತ ಚೆನ್ನಾಗಿ ಅವಳೇ ಕೈ ಕಟ್ಟಿ ಕೂಡ್ರತೊಡಗಿದಳು. ನಾನು ಹೆಮ್ಮೆಪಟ್ಟೆ. ಈಗ ನೆನೆದರೆ ನನ್ನ ಕೈ ಕೊಯ್ದುಕೊಳ್ಳಬೇಕೆನಿಸುತ್ತದೆ.

ಅಷ್ಟರಲ್ಲಿ ಕೊಲ್ಲಾಪುರದಿಂದ ದೊಡ್ಡ ಮನೆತನದ ಬಾಯಿಸಾಹೇಬರೊಬ್ಬರು ಬಾಲವರ್ಗ ನೋಡಲು ಬರುವ ಸುದ್ದಿ ಬಂತು. ಅವರು ಮೆಚ್ಚಿದರೆ ಕಾಕುವಿನ ಹೆಸರು ಕೊಲ್ಲಾಪುರಕ್ಕೂ ಮುಟ್ಟುತ್ತದೆ. ನನಗೂ ಒಂದು ಶಾಭಾಸ್ ಸಿಗುತ್ತದೆ. ಆ ದಿನ ಮಕ್ಕಳ ತಲೆಗೆ ಕೊಬ್ಬರಿ ಎಣ್ಣೆ ಮೆತ್ತಿ, ಹೊಸ ಚಾಪೆಯ ಮೇಲೆ ಎಂಟಕ್ಕೇ ಸಾಲಾಗಿ ಕೂಡ್ರಿಸಿದೆ. ಕಿವಿ ಕೇಳದ ಹುಡುಗಿಯನ್ನು ಎಲ್ಲರಿಗೂ ಕಾಣುವಂತೆ ಮೊದಲ ಸಾಲಿಗೆ ತಂದರು ಕಾಕು. ಹತ್ತಿರದ ನಿಲ್ದಾಣ ಹಾತಕಣಂಗಲೆಗೆ ರೈಲು ತಡವಾಗಿ ಬಂತಂತೆ, ಅಲ್ಲಿಂದ ಟಾಂಗಾ. ಹತ್ತಾಯಿತು, ಹಾಲು ಕುಡಿಸಿದೆ. ಹನ್ನೊಂದಾಯಿತು.

ಆ ಹುಡುಗಿ ಕಿರುಬೆರಳು ಎತ್ತಿದಳು. ಅದರ ಅರ್ಥ ಲೋಕಕ್ಕೆಲ್ಲ ಗೊತ್ತು, ನನಗೂ ಗೊತ್ತಿತ್ತು. ಬಾಗಿಲಲ್ಲಿ ಟಾಂಗಾದ ಗೆಜ್ಜೆ ಕೇಳಿದಂತಾಗಿ ನಾನು ಅವಳ ಬೆರಳನ್ನು ಮಡಚಿ ತುಟಿಯ ಮೇಲಿಟ್ಟೆ. ಟಾಂಗಾ ಬೇರೆ ಯಾರದೋ ಆಗಿತ್ತು. ಅವಳು ಮತ್ತೆ ಎತ್ತಿದಳು. ನಾನು ಕಣ್ಣು ಬಿಟ್ಟು ಹೆದರಿಸಿದೆ. ಮೂರನೆಯ ಸಲ ಎತ್ತಲೇ ಇಲ್ಲ.

ಬಾಯಿಸಾಹೇಬರು ಬಂದರು. ಮಕ್ಕಳು ಮರಾಠಿ ಪ್ರಾರ್ಥನೆ ಹಾಡಿದರು. ಕಾಕು, “ಹೀ ಮೂಕೀ ಆಹೇ, ಹಿಲಾಪಣ ಆಮ್ಹೀ ಘೇತಲಂ” ಎಂದು ಈ ಮೂಕಿಯನ್ನೂ ಸೇರಿಸಿಕೊಂಡ ಹಿರಿಮೆ ಹೇಳಿಕೊಂಡರು. ಬಾಯಿಸಾಹೇಬರು ಬಗ್ಗಿ ಅವಳ ಗಲ್ಲ ಮುಟ್ಟಿದರು. ಆಗಲೇ ಲಂಗದಡಿಯಿಂದ ನೀರು ಹರಿದು ಹೊಸ ಚಾಪೆ ನೆನೆಯಿತು, ಅವರ ಚಪ್ಪಲಿಯ ತುದಿಯೂ ನೆನೆಯಿತು. ಹುಡುಗಿ ಮಾತ್ರ ಕೈ ಬಿಚ್ಚಲಿಲ್ಲ, ತುಟಿಯ ಮೇಲಿನ ಬೆರಳು ತೆಗೆಯಲಿಲ್ಲ. ಕಣ್ಣುಗಳಷ್ಟೇ ತುಂಬಿಕೊಂಡಿದ್ದವು.

ಬಾಯಿಸಾಹೇಬರ ಅತ್ತರಿನ ಕರವಸ್ತ್ರ ಮೂಗಿಗೇರಿತು. ಕಾಕು ನನ್ನತ್ತ ತಿರುಗಿದರು. ನಾನು ಮರಾಠಿಯಲ್ಲಿ ಹೇಳಿದೆ: ದಿನಾಲೂ ಹೀಗೇ ಮಾಡುತ್ತಾಳೆ, ಎಷ್ಟು ತಿದ್ದಿದರೂ ತಿಳಿಯುವುದಿಲ್ಲ, ಬುದ್ಧಿಯೇ ಬಂದಿಲ್ಲ.

ಏಳು ತಿಂಗಳಲ್ಲಿ ಅವಳು ಒಮ್ಮೆಯೂ ಹಾಗೆ ಮಾಡಿದವಳಲ್ಲ. ಪಕ್ಕದಲ್ಲಿ ಕುಳಿತಿದ್ದ ಐದು ವರ್ಷದ ಹುಡುಗಿ ಕೈ ಬಿಚ್ಚಿ ಎದ್ದು ನಿಂತು, “ಆಕಿ ಕೇಳಿದ್ಲಲ್ರಿ ಅಕ್ಕೋರ, ನೀವ ಬಿಡಲಿಲ್ಲ” ಎಂದಳು. ಬಾಯಿಸಾಹೇಬರಿಗೆ ಕನ್ನಡ ಬಾರದು. ಮಗು ಏನನ್ನುತ್ತದೆ ಎಂದು ನನ್ನನ್ನೇ ಕೇಳಿದರು. ತನಗೂ ಹೇಸಿಗೆ ಬರುತ್ತದೆ ಅನ್ನುತ್ತಿದೆ ಎಂದೆ. ಅವರು ಆ ಮಗುವಿನ ತಲೆ ಸವರಿ, ಸ್ವಚ್ಛತೆಯನ್ನು ಚೆನ್ನಾಗಿ ಕಲಿಸಿದ್ದೀಯೆ ಎಂದು ನನಗೆ ಶಾಭಾಸ್ ಕೊಟ್ಟರು. ಇದನ್ನು ಬರೆಯುವಾಗ ನನ್ನ ಮೇಲೆ ನಾನೇ ಉಗುಳಿಕೊಳ್ಳುವಷ್ಟು ಅಸಹ್ಯವಾಗುತ್ತಿದೆ.

ಸಂಜೆ ಕಾಕು ಅಂದರು: “ನಾಳಿಂದ ಆಕಿ ಬರೂದು ಬ್ಯಾಡ. ಹೋಗಿ ಅವರವ್ವಗ ನೀನ ಹೇಳು.”

ನಿಜ ಹೇಳಿ ಅವಳನ್ನು ಉಳಿಸಿಕೊಳ್ಳಲು ಆಗಲೂ ಹೊತ್ತು ಮೀರಿರಲಿಲ್ಲ. ನಾನು ಹೂಂ ಅಂದೆ.

ಮರುದಿನ ಮುಂಜಾನೆ ಮಗ್ಗದ ಓಣಿಗೆ ಹೋದೆ. ತಾಯಿ ಬಾಗಿಲಲ್ಲಿ ರಾಟಿ ತಿರುಗಿಸುತ್ತ ನೂಲು ಸುತ್ತುತ್ತಿದ್ದಳು. “ಇನ್ನೊಂದ್ ವರ್ಷ ಮನ್ಯಾಗ ಇರಲಿ ಅಂದಾರ ಕಾಕು” ಎಂದೆ.

ಅವಳು ರಾಟಿ ನಿಲ್ಲಿಸಲಿಲ್ಲ. “ನಿನ್ನಿ ಏನೇನಾತು ಅಂತ ಆಕಿ ಎಲ್ಲಾ ಹೇಳ್ಯಾಳ್ರಿ” ಎಂದಳು. ಒಂದು ಎಳೆ ಹರಿಯಿತು. ಅದನ್ನು ಗಂಟು ಹಾಕಿ ಮತ್ತೆ ಅಂದಳು: “ನನಗ ತಿಳೀತ್ರಿ. ಆಕಿಗೆ ಯಾಕ ಬರಬಾರದು ಅಂತ ನೀವ ಹೇಳಿ ಹೋಗ್ರಿ. ನನ್ನ ಕೈಲೆ ಆಗೂದಿಲ್ಲ.”

ಒಳಗಿಂದ ಹುಡುಗಿ ಬಂದಳು. ಮುಖ ತೊಳೆದು ಕುಂಕುಮ ಇಟ್ಟಿದ್ದರು, ಒಗೆದ ಲಂಗ ಇನ್ನೂ ತುಸು ಹಸಿಯಿತ್ತು. ನಿನ್ನೆಯದನ್ನು ಮರೆತಿದ್ದಳೋ, ಮನ್ನಿಸಿದ್ದಳೋ, ನಾಲ್ಕು ವರ್ಷದವರ ಮನಸ್ಸು ನನಗೆ ತಿಳಿಯದು. ನಾನು ಕರೆದೊಯ್ಯಲು ಬಂದಿದ್ದೇನೆಂದೇ ತಿಳಿದು ಓಡಿ ಬಂದು ನನ್ನ ಬೆರಳು ಹಿಡಿದು ಎಳೆದಳು. ಬೇಡ ಎನ್ನಲು, ಬರಬೇಡ ಎನ್ನಲು, ತಪ್ಪು ನನ್ನದು ಎನ್ನಲು ಅವಳ ಮಾತಿನಲ್ಲಿ ಒಂದೂ ನನಗೆ ಬರುತ್ತಿರಲಿಲ್ಲ. ತಲೆಯಾಡಿಸಿದೆ. ಆಟವೆಂದು ತಿಳಿದು ಅವಳೂ ತಲೆಯಾಡಿಸಿ ನಕ್ಕಳು. ತಾಯಿ ನನ್ನನ್ನೇ ನೋಡುತ್ತಿದ್ದಳು.

ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೈ ಕಿತ್ತುಕೊಂಡೆ. ಉಳಿದ ಮಕ್ಕಳು ಬರುವ ಹೊತ್ತಾಗಿತ್ತು, ಹೋಗಿ ಬಾಗಿಲು ತೆಗೆಯಬೇಕಿತ್ತು.