ಉಲ್ಟಾ ಕೂಡಿಸಿದ ಎರಡು ಟಾಯರು

2013ರ ಬೇಸಿಗೆಯಲ್ಲಿ ನಾನು ಜಮಖಂಡಿ ತಾಲ್ಲೂಕಿನ ಕೃಷ್ಣಾ ದಂಡೆಯ ಒಂದು ರೈತರ ಏತ ನೀರಾವರಿ ಸಂಘದಲ್ಲಿ ಯಂತ್ರ ವಿಭಾಗದ ಮೇಲ್ವಿಚಾರಕಿಯಾಗಿದ್ದೆ. 1997ರಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಹಿಡಿದುಕೊಂಡು ಇಲ್ಲಿಗೆ ಬಂದಾಗ, ಹೆಣ್ಣುಮಗಳು ಪಂಪು ಹೇಗೆ ಬಿಚ್ಚುತ್ತಾಳೆ ಎಂದು ನೋಡಲು ಬಂದವರು ಬಹಳ ಮಂದಿ. ಬಿಚ್ಚಿದೆ, ಕೂಡಿಸಿದೆ, ನೀರು ಎತ್ತಿದೆ. ನಾಲ್ಕಾರು ವರ್ಷದಲ್ಲಿ ಅದು ಅವರಿಗೆ ರೂಢಿಯಾಯಿತು. ರೂಢಿಯಾಗದೆ ಉಳಿದದ್ದು ನನ್ನ ‘ಬಗ್ಗಿ’, ಅಂದರೆ ರಿಮೋಟಿನಲ್ಲಿ ಓಡಿಸುವ ಪುಟ್ಟ ಗಾಡಿ, ಒಂದೇ.

ಊರವರು ಅದನ್ನು ‘ಮೇಡಮ್ಮಾರ ಆಟಿಗಿ’ ಎನ್ನುತ್ತಿದ್ದರು. ನಿಜವಾದ ಗಾಡಿಯ ಹತ್ತರಲ್ಲೊಂದು ಪಾಲು ಅಳತೆ, ಬ್ಯಾಟರಿ ಮೋಟಾರು, ನಾಲ್ಕೂ ಗಾಲಿಗೆ ಎಳೆತ, ಕೈಯಲ್ಲಿ ರೇಡಿಯೊ ರಿಮೋಟು. ಪುಣೆಯಲ್ಲಿ ಒಬ್ಬರು ಆಡಿ ಬಿಟ್ಟದ್ದನ್ನು ಕೊಂಡಿದ್ದೆ. ಬೇಸಿಗೆಯಲ್ಲಿ ಹೊಳೆ ನಡುವಿಗೆ ಸರಿದು ದಂಡೆಯುದ್ದಕ್ಕೂ ಉಸುಕು ಬಿದ್ದಾಗ, ಭಾನುವಾರ ಸಂಜೆ ಅಲ್ಲಿ ಹೋಗಿ ಓಡಿಸುತ್ತಿದ್ದೆ. ಐವತ್ತರ ಹತ್ತಿರ ಬಂದ ಹೆಂಗಸಿಗೆ ಇದು ನಾಚಿಕೆಯಲ್ಲವೇ ಎಂದು ಕೇಳಿದವರಿಗೆ ಇಲ್ಲ ಎಂದೇ ಹೇಳಿದೆ. ಈಗ ನಿವೃತ್ತಳಾದ ಮೇಲೂ ಉತ್ತರ ಅದೇ.

ಆದರೆ ಉಸುಕು ಮೊದಲ ದಿನವೇ ನನ್ನ ಸೊಕ್ಕು ಇಳಿಸಿತ್ತು. ಗಾಡಿಯ ಜೊತೆ ಬಂದಿದ್ದವು ಪಿನ್ ಟಾಯರುಗಳು, ಅಂದರೆ ಮೈತುಂಬ ಚಿಕ್ಕ ಚಿಕ್ಕ ರಬ್ಬರಿನ ಮುಳ್ಳು ಇರುವಂಥವು. ಗಟ್ಟಿ ಮಣ್ಣಿನ ಮೇಲೆ ಅವು ಹಾರಿಕೊಂಡು ಹೋಗುತ್ತವೆ. ಒಣ ಉಸುಕಿನಲ್ಲಿ ಮಾತ್ರ ನಿಂತಲ್ಲೇ ತಗ್ಗು ತೋಡಿ, ಗಾಡಿಯ ಹೊಟ್ಟೆಯನ್ನು ನೆಲಕ್ಕೆ ಕೂರಿಸಿಬಿಡುತ್ತವೆ. ಅದಕ್ಕೆ ಬೇಕಾದದ್ದು ಪ್ಯಾಡಲ್ ಟಾಯರು. ಅದರ ಅಗಲಕ್ಕೆ ಅಡ್ಡಲಾಗಿ ಸೌಟಿನ ಹಾಗೆ ಬಾಗಿದ ರಬ್ಬರಿನ ಪಟ್ಟಿಗಳಿರುತ್ತವೆ. ಅವು ಉಸುಕನ್ನು ಬಾಚಿ ಹಿಂದಕ್ಕೆ ಎಸೆಯುತ್ತವೆ, ಗಾಡಿ ಮುಂದಕ್ಕೆ ಹೋಗುತ್ತದೆ. ಉಸುಕು ಸಡಿಲವಿದ್ದಷ್ಟೂ ಪಟ್ಟಿ ಎತ್ತರ ಇರಬೇಕು. ಎತ್ತರ ಹೆಚ್ಚಿದರೆ ಮೋಟಾರಿಗೆ ಭಾರ ಹೆಚ್ಚು, ಆಗ ಮೋಟಾರಿನ ಹಲ್ಲಿನ ಗಾಲಿ ಸಣ್ಣದು ಹಾಕಬೇಕು, ಇಲ್ಲದಿದ್ದರೆ ಸುಟ್ಟ ವಾಸನೆ ಬರುತ್ತದೆ. ಇದನ್ನೆಲ್ಲ ಒಂದು ಮೋಟಾರು ಸುಟ್ಟುಕೊಂಡೇ ಕಲಿತೆ.

ಆ ವರ್ಷ ಮೇ ತಿಂಗಳಲ್ಲಿ ನಮ್ಮ ಜಾಕ್‌ವೆಲ್‌ಗೆ ನೀರು ಬರುವುದು ಕಡಿಮೆಯಾಯಿತು. ಜಾಕ್‌ವೆಲ್ ಎಂದರೆ ದಂಡೆಯ ಮೇಲಿನ ದೊಡ್ಡ ಬಾವಿ. ಹೊಳೆಯಿಂದ ನೆಲದೊಳಗೆ ಹಾಕಿದ ಸಿಮೆಂಟಿನ ಪೈಪಿನಲ್ಲಿ ನೀರು ಅಲ್ಲಿಗೆ ಬರುತ್ತದೆ, ಅಲ್ಲಿಂದ ಪಂಪು ಅದನ್ನು ಹೊಲಗಳಿಗೆ ಎತ್ತುತ್ತದೆ. ಹೊಳೆಯಲ್ಲಿ ನೀರಿತ್ತು, ಕಾಲುವೆ ತೋಡಿ ಪೈಪಿನ ಬಾಯಿಗೂ ತಂದಿದ್ದೆವು. ಆದರೂ ಪಂಪು ಶುರು ಮಾಡಿದ ಸ್ವಲ್ಪ ಹೊತ್ತಿಗೇ ಬಾವಿ ಖಾಲಿಯಾಗಿ ಗಾಳಿ ಎಳೆಯುತ್ತಿತ್ತು. ಪೈಪಿನೊಳಗೆ ಎಲ್ಲೋ ಉಸುಕು ತುಂಬಿದೆ ಎಂಬುದು ಸ್ಪಷ್ಟ. ಎಲ್ಲಿ ಎಂಬುದೇ ಪ್ರಶ್ನೆ. ಪೈಪಿನ ಮೇಲೆ ಎರಡಾಳು ಎತ್ತರದ ಮಣ್ಣು. ಇಡೀ ದಾರಿ ಅಗೆಯುತ್ತ ಕುಳಿತರೆ ಮಳೆಗಾಲವೇ ಬಂದುಬಿಡುತ್ತದೆ.

ಬಾಯಿಗೆ ಮಣ್ಣಿನ ಒಡ್ಡು ಹಾಕಿ ಪೈಪು ಖಾಲಿ ಮಾಡಿಸಿದೆ. ಬಿದಿರಿಗೆ ಬಿದಿರು ಕಟ್ಟಿ ಒಳಗೆ ನೂಕಿಸಿದೆ. ಪೈಪು ಬಾಗುವ ಜಾಗದಲ್ಲಿ ಬಿದಿರು ನಿಂತುಬಿಟ್ಟಿತು. ಕ್ಯಾಮೆರಾ ಇಳಿಸಿ ನೋಡುವ ಕಂಪನಿಯೊಂದಕ್ಕೆ ಫೋನು ಮಾಡಿದರೆ ಮುಂದಿನ ತಿಂಗಳು ನೋಡೋಣ ಎಂದರು.

ಇಂಥ ಹೊತ್ತಿಗೆಂದೇ ಸಂಘದಲ್ಲಿ ಹಳೆಯದೊಂದು ಪದ್ಧತಿ ಇತ್ತು. ಪೈಪಿನ ವ್ಯಾಸ ಎರಡು ಅಡಿ. ಸಪೂರ ಮೈಯವನೊಬ್ಬನ ಸೊಂಟಕ್ಕೆ ಹಗ್ಗ ಕಟ್ಟಿ, ಬಾಯಲ್ಲಿ ಬ್ಯಾಟರಿ ಕಚ್ಚಿಸಿ, ಮೊಣಕೈ ಮೇಲೆ ತೆವಳುತ್ತ ಒಳಗೆ ಕಳಿಸುವುದು. ಆ ಕೆಲಸ ನಮ್ಮ ವಾಲ್ವ್‌ಮನ್ ಭೀಮಪ್ಪನದು. ಅವನಪ್ಪನೂ ಅದನ್ನೇ ಮಾಡಿದ್ದ. ನಾನು ಬಂದ ಮೇಲೆ ಪೈಪು ಒಮ್ಮೆಯೂ ಕಟ್ಟಿರಲಿಲ್ಲವಾದ್ದರಿಂದ ಇದನ್ನು ಕಿವಿಯಿಂದ ಕೇಳಿದ್ದೆನೇ ಹೊರತು ಕಣ್ಣಿಂದ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಹೋಗುವಷ್ಟರಲ್ಲಿ ಭೀಮಪ್ಪ ಅಂಗಿ ಬಿಚ್ಚಿ, ಸೊಂಟಕ್ಕೆ ಹಗ್ಗ ಸುತ್ತಿಕೊಂಡು ನಿಂತಿದ್ದ. ಪಕ್ಕದಲ್ಲಿ ಸಂಘದ ಅಧ್ಯಕ್ಷರಾದ ಬಸನಗೌಡರು. ಪಂಪ್ ಹೌಸಿನಿಂದ ಕುರ್ಚಿ ತರಿಸಿ, ಪೈಪಿನ ಬಾಯಿಗೆ ಅಡ್ಡ ಹಾಕಿಕೊಂಡು ಕುಳಿತೆ.

“ಏನರಿ ಇದು ಮೇಡಂ ಅವರ? ಏಳ್ರಿ. ಕಬ್ಬು ಒಣಗಾಕತ್ತೈತಿ,” ಎಂದರು ಗೌಡರು.

“ಏಳಂಗಿಲ್ಲರಿ. ನಾ ಈ ಕೆಲಸದಾಗ ಇರೂತನಕ ಈ ಪೈಪಿನ್ಯಾಗ ಮನುಷ್ಯಾ ಹೋಗಂಗಿಲ್ಲ.”

“ನಮ್ಮಪ್ಪನ ಕಾಲದಿಂದ ಹೋಗ್ಯಾರ. ನೀವು ಹೊಸಾದು ಹೇಳಬ್ಯಾಡ್ರಿ.”

“ಹಂಗಾರ ನೀವ ಹೋಗ್ರಿ. ಕುರ್ಚಿ ಸರಸ್ತೇನಿ.”

ನೆರೆದಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗೌಡರ ಮುಖ ಕೆಂಪಾಯಿತು. ಆದರೆ ನನಗೆ ನಿಜವಾಗಿ ಚುಚ್ಚಿದ್ದು ಗೌಡರ ಸಿಟ್ಟಲ್ಲ, ಭೀಮಪ್ಪನದು. ಅವನು ಹಗ್ಗ ಬಿಚ್ಚಿರಲಿಲ್ಲ. “ನನಗೇನ ಅಂಜಿಕಿ ಇಲ್ಲರಿ,” ಎಂದ. “ಈ ಊರಾಗ ಈ ಕೆಲಸಾ ಬರೂದು ನನಗೊಬ್ಬಗ. ನನ್ನ ಬದಲಿ ಯಾರನ್ನ ಕಳಸ್ತೀರಿ?”

“ನನ್ನ ಗಾಡಿ ಕಳಸ್ತೇನಿ,” ಎಂದೆ.

“ಆಟಿಗಿ ಸಾಮಾನಾ?” ಎಂದವನೇ ಮುಖ ತಿರುಗಿಸಿಕೊಂಡ. ಅವನ ಜಾಗದಲ್ಲಿ ಒಂದು ಆಟಿಕೆ ಹೋಗುತ್ತದೆ ಎಂಬುದು ಎಲ್ಲರೆದುರು ಮಾಡಿದ ಅವಮಾನದಂತೆ ಅವನಿಗೆ ಕಂಡಿತ್ತು. ಗೌಡರು ಕಡೆಗೆ ಹೇಳಿದ್ದು ಇಷ್ಟು: “ನಾಳೆ ಮಧ್ಯಾಹ್ನತನಕ ಟೈಮ್ ಕೊಡ್ತೇನಿ. ಆಗಲಿಲ್ಲ ಅಂದ್ರ ಭೀಮಪ್ಪ ಹೋಗ್ತಾನ, ನೀವು ನಿಮ್ಮ ಮನಿಗೆ ಹೋಗ್ರಿ.”

ಒಪ್ಪಿದೆ. ಕುರ್ಚಿಯನ್ನು ಮಾತ್ರ ಅಲ್ಲಿಂದ ತೆಗೆಯಲಿಲ್ಲ. ವಾಚ್‌ಮನ್‌ನನ್ನು ಅದರಲ್ಲಿ ಕೂರಿಸಿ ಹೊಳೆಯ ಉಸುಕಿಗೆ ಹೋದೆ.

ಪೈಪಿನೊಳಗಿನ ಉಸುಕು ದಂಡೆಯ ಮೇಲಿನದರ ಹಾಗೆ ಒಣಗಿರುವುದಿಲ್ಲ. ಹಸಿ, ಒತ್ತಿ ಕೂತದ್ದು. ಅದಕ್ಕೆ ನೀರಂಚಿನ ಹಸಿ ಉಸುಕಿನಲ್ಲಿ ಪರೀಕ್ಷೆ ಮಾಡಿದೆ. ಎತ್ತರದ ಪ್ಯಾಡಲ್ ಹಾಕಿದರೆ ಒಂದೊಂದು ಪಟ್ಟಿ ನೆಲಕ್ಕೆ ಬಡಿದಾಗಲೂ ಗಾಡಿ ಕಪ್ಪೆಯಂತೆ ಕುಪ್ಪಳಿಸಿತು. ಪೈಪಿನ ಒಳಗು ನೋಡಲೆಂದು ಗಾಡಿಯ ಮೇಲೆ ಕಟ್ಟಬೇಕೆಂದಿದ್ದ ನನ್ನ ಪುಟ್ಟ ಕ್ಯಾಮೆರಾ ಆ ಕುಣಿತದಲ್ಲಿ ಏನನ್ನೂ ಕಾಣಲಾರದು. ಬ್ಲೇಡಿನಿಂದ ಪಟ್ಟಿಗಳನ್ನು ಅರ್ಧಕ್ಕೆ ಕೊಯ್ದೆ. ಕುಣಿತ ನಿಂತಿತು, ಹಿಡಿತ ಉಳಿಯಿತು. ಮುಂದಿನ ಗಾಲಿಗೆ ಸಾಮಾನ್ಯವಾಗಿ ಉದ್ದ ಗೆರೆಯ ಟಾಯರು ಹಾಕುತ್ತಾರೆ, ಉಸುಕಿನಲ್ಲಿ ಗಾಡಿಯನ್ನು ತಿರುಗಿಸಲು ಅದೇ ಸರಿ. ಪೈಪಿನಲ್ಲಿ ತಿರುಗಿಸುವ ಮಾತೇ ಇಲ್ಲ, ಅದರ ದುಂಡು ತಳವೇ ಗಾಡಿಯನ್ನು ನಡುವಿಗೆ ತರುತ್ತದೆ. ಹಾಗಾಗಿ ನಾಲ್ಕಕ್ಕೂ ಪ್ಯಾಡಲ್ಲೇ ಹಾಕಿದೆ. ಗಾಡಿ ಚೆನ್ನಾಗಿ ಓಡಿತು. ಗೆದ್ದೆ ಅಂದುಕೊಂಡೆ.

ಆಮೇಲೆ ರಿವರ್ಸ್ ಒತ್ತಿದೆ. ಗಾಡಿ ಒಂದು ಗೇಣು ಹಿಂದೆ ಬಂದು, ನಾಲ್ಕೂ ಗಾಲಿ ಉಸುಕಿನಲ್ಲಿ ಹೂತು ನಿಂತಿತು.

ಸೌಟು ಒಂದೇ ಕಡೆಗೆ ಬಾಚುತ್ತದೆ. ಉಲ್ಟಾ ತಿರುಗಿದರೆ ಅದರ ಬೆನ್ನು ಜಾರುತ್ತದೆ. ಬಯಲಿನಲ್ಲಿ ಇದು ನನ್ನ ಗಮನಕ್ಕೇ ಬಂದಿರಲಿಲ್ಲ, ಏಕೆಂದರೆ ಬಯಲಿನಲ್ಲಿ ಗಾಡಿಯನ್ನು ದುಂಡಗೆ ತಿರುಗಿಸಿ ಮುಂದಕ್ಕೇ ಓಡಿಸಿಕೊಂಡು ಬರುತ್ತೇವೆ. ಪೈಪಿನಲ್ಲಿ ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯಬೇಕು. ಹಗ್ಗ ಕಟ್ಟಿ ಎಳೆದುಕೊಳ್ಳೋಣವೆಂದರೆ ಬಾಗಿನಲ್ಲಿ ಪೈಪುಗಳು ಕೂಡುವ ಜಂಟಿಯ ಅಂಚಿಗೆ ಅದು ಸಿಕ್ಕಿಕೊಳ್ಳುತ್ತದೆ. ನನ್ನ ಕ್ಯಾಮೆರಾವೋ ಒಳಗೇ ಚಿತ್ರ ತೆಗೆದಿಟ್ಟುಕೊಳ್ಳುವಂಥದ್ದು, ಹೊರಗೆ ಕಳಿಸುವಂಥದ್ದಲ್ಲ. ಗಾಡಿ ಹೊರಬರದಿದ್ದರೆ ನಮಗೆ ಏನೂ ಗೊತ್ತಾಗುವುದಿಲ್ಲ.

ಆಗ ನನಗೆ ಇನ್ನೊಂದು ಪ್ರಶ್ನೆ ಹೊಳೆಯಿತು. ದಂಡೆಯ ಮೇಲೆ ದೂರ ಕುಳಿತು, ಸಿಟ್ಟಿನಲ್ಲೇ ನನ್ನನ್ನು ನೋಡುತ್ತಿದ್ದ ಭೀಮಪ್ಪನ ಹತ್ತಿರ ಹೋದೆ.

“ಭೀಮಪ್ಪ, ಒಳಗ ಹೋದ ಮ್ಯಾಲ ನೀ ಹೊಳ್ಳಿ ಹೆಂಗ ಬರತಿದ್ದಿ?”

“ಒಳಗ ಹೊಳ್ಳಾಕ ಬರಂಗಿಲ್ಲರಿ. ಕಾಲ ಕಡಿಂದ ಹಿಂದಕ ಸರ್ಕೋತ ಬರೂದು. ಒಮ್ಮೆ ಬಾಗಿನ್ಯಾಗ ಸಿಕ್ಕೊಂಡಿದ್ದೆ. ಹಗ್ಗ ಜಗ್ಗಿದ್ರು, ಗ್ವಾಡಿಗೆ ಒತ್ತಿ ಉಸರ ಕಟ್ಟಿತ್ತು. ಮನ್ಯಾಗ ಹೇಳಿಲ್ಲರಿ.”

“ಗೌಡ್ರಿಗೆ ಹೇಳಿಲ್ಲೇನು?”

“ಅವರು ಕೇಳಿಲ್ಲರಿ. ಯಾರೂ ಕೇಳಿಲ್ಲ. ಉಸುಕ ಎಲ್ಲೈತಿ ಅಂತಷ್ಟ ಕೇಳ್ತಾರ.”

ನನಗೆ ಸಿಟ್ಟು ಬಂತು. ಗೌಡರ ಮೇಲೆ, ಅವರಪ್ಪನ ಮೇಲೆ, ಆ ಪೈಪು ಹಾಕಿದ ಎಂಜಿನಿಯರನ ಮೇಲೆ. ಅದೇ ಸಿಟ್ಟಿನಲ್ಲಿ ಮುಂದಿನ ಎರಡೂ ಗಾಲಿ ಬಿಚ್ಚಿ, ಟಾಯರುಗಳನ್ನು ಉಲ್ಟಾ ಕೂಡಿಸಿದೆ. ಈಗ ಹೋಗುವಾಗ ಹಿಂದಿನ ಜೋಡಿ ಬಾಚಿ ನೂಕುತ್ತದೆ, ಮುಂದಿನದು ಬೆನ್ನು ಕೊಟ್ಟು ಜಾರುತ್ತ ಹೋಗುತ್ತದೆ. ಬರುವಾಗ ಮುಂದಿನ ಜೋಡಿಯ ಸರದಿ. ವೇಗ ಅರ್ಧಕ್ಕೆ ಇಳಿಯಿತು. ಆದರೆ ಹೋದ ಗಾಡಿ ಹೊಳ್ಳಿ ಬಂತು, ಪ್ರತಿ ಸಲವೂ.

ಬನಹಟ್ಟಿಯಲ್ಲಿ ನನ್ನ ಅಣ್ಣನದು ಪವರ್‌ಲೂಮ್ ಮಗ್ಗ. ಅಲ್ಲಿಂದ ಅಂದೇ ಒಂದು ಕೋನು, ಅಂದರೆ ಕೊಳವೆಗೆ ಸುತ್ತಿದ ದೊಡ್ಡ ಉಂಡೆ, ಹತ್ತಿ ನೂಲು ತರಿಸಿದೆ. ಅದರ ತುದಿಯನ್ನು ಗಾಡಿಗೆ ಕಟ್ಟಿದರೆ ಗಾಡಿ ಹೋದಷ್ಟು ನೂಲು ಬಿಚ್ಚಿಕೊಳ್ಳುತ್ತದೆ, ಅಳೆದರೆ ದೂರ ತಿಳಿಯುತ್ತದೆ. ಸಿಕ್ಕಿಕೊಂಡರೆ ನೂಲು ಹರಿಯುತ್ತದೆಯೇ ಹೊರತು ಗಾಡಿ ನಿಲ್ಲುವುದಿಲ್ಲ. ಬರುವಾಗ ಸಡಿಲಾದ ನೂಲು ಗಾಲಿಗೆ ಸುತ್ತದಂತೆ ಯಾರಾದರೂ ಹಗುರಾಗಿ ಎಳೆದುಕೊಳ್ಳುತ್ತಿರಬೇಕು.

“ನೂಲ ನೀ ಹಿಡೀತೀ?” ಎಂದು ಭೀಮಪ್ಪನನ್ನು ಕೇಳಿದೆ. ಅವನು ಎದ್ದು ಬಂದ.

ಮರುದಿನ ಹತ್ತು ಗಂಟೆಗೆ ದಂಡೆಯ ಮೇಲೆ ಊರೇ ನೆರೆದಿತ್ತು. ಗಾಡಿಯ ಮುಂದೆ ಟಾರ್ಚು, ಮೇಲೆ ಪುಟ್ಟ ಕ್ಯಾಮೆರಾ, ಹಿಂದೆ ಒಂದು ಕೆಂಪು ದೀಪ. ಕುರ್ಚಿ ಸರಿಸಿ, ಪೈಪಿನ ಬಾಯಲ್ಲಿ ಮಂಡಿಯೂರಿ ರಿಮೋಟು ಒತ್ತಿದೆ. ಕೆಂಪು ದೀಪ ಸಣ್ಣದಾಗುತ್ತ ಹೋಗಿ ಬಾಗಿನಲ್ಲಿ ಮರೆಯಾಯಿತು. ಆಮೇಲೆ ನನಗೆ ಏನೂ ಕಾಣಲಿಲ್ಲ. ಕೋನಿನಿಂದ ನೂಲು ಬಿಚ್ಚುತ್ತಿದ್ದುದೊಂದೇ ಗುರುತು.

ಸ್ವಲ್ಪ ಹೊತ್ತಿಗೆ ನೂಲು ನಿಂತಿತು. ಭೀಮಪ್ಪ ಅಲ್ಲಿಗೆ ಗಂಟು ಹಾಕಿ ಗುರುತು ಮಾಡಿದ. ನಾನು ರಿವರ್ಸ್ ಒತ್ತಿದೆ. ನೂಲು ಅಲುಗಲಿಲ್ಲ. ಮತ್ತೆ ಒತ್ತಿದೆ. ಇಲ್ಲ.

“ಹೋತ ನೋಡ್ರಿ ನಿಮ್ಮ ಆಟಿಗಿ,” ಎಂದರು ಗೌಡರು. “ಭೀಮ್ಯಾ, ಹಗ್ಗ ತಗೋ.”

“ನೂಲ ಬಿಡಬ್ಯಾಡ ಭೀಮಪ್ಪ,” ಎಂದೆ. ಪೂರ್ತಿ ಒತ್ತಿದರೆ ಗಾಲಿ ಇನ್ನಷ್ಟು ಹೂಳುತ್ತದೆ. ಒಂದಿಷ್ಟು ಮುಂದಕ್ಕೆ, ಒಂದಿಷ್ಟು ಹಿಂದಕ್ಕೆ, ಕೂಸಿನ ತೊಟ್ಟಿಲು ತೂಗಿದ ಹಾಗೆ ತೂಗುತ್ತ ಕುಳಿತೆ. ಗೌಡರು ಎರಡನೇ ಸಲ ಕರೆದರು. ಭೀಮಪ್ಪ ಅತ್ತ ನೋಡಲೂ ಇಲ್ಲ. ಕಣ್ಣು ಮುಚ್ಚಿ, ಎರಡು ಬೆರಳ ನಡುವೆ ನೂಲು ಹಿಡಿದು ಕುಳಿತಿದ್ದ.

“ಸಡ್ಲಾತರಿ,” ಎಂದ ಮೆಲ್ಲಗೆ. ಆಮೇಲೆ ಕೂಗಿದ: “ಬರಾಕತ್ತೈತರಿ ಮೇಡಂ ಅವರ! ಖರೇನ ಬರಾಕತ್ತೈತಿ!”

ಗಾಡಿ ಹಿಂದಕ್ಕೆ ಸರಿಯುತ್ತ ಹೊರಗೆ ಬಂದಾಗ ಅದರ ಮೈಮೇಲೆ ಬೊಗಸೆಗಟ್ಟಲೆ ಹಸಿ ಉಸುಕಿತ್ತು. ಟಾರ್ಚು ಒಡೆದಿತ್ತು.

ಪಂಪ್ ಹೌಸಿನಲ್ಲಿ ಲ್ಯಾಪ್‌ಟಾಪಿಗೆ ಹಾಕಿ ಎಲ್ಲರೂ ನೋಡಿದೆವು. ಬಾಗು ದಾಟಿದ ಮೇಲೆ ಪೈಪಿನ ಒಂದು ಜಂಟಿ ಮೇಲ್ಗಡೆ ಬಾಯಿ ಬಿಟ್ಟಿತ್ತು. ಅಲ್ಲಿಂದ ಉಸುಕು ಸಣ್ಣಗೆ ಸುರಿಯುತ್ತಿತ್ತು, ಕೆಳಗೆ ಗುಡ್ಡೆ ಬಿದ್ದಿತ್ತು. ಗಾಡಿ ಆ ಗುಡ್ಡೆಗೆ ತಾಗಿದ್ದೇ ತಡ, ಮೇಲಿನಿಂದ ದೊಡ್ಡದೊಂದು ಹೆಂಟೆ ಕಳಚಿ ಬಿತ್ತು. ತೆರೆ ಕಪ್ಪಾಯಿತು. ಮೋಟಾರಿನ ಸದ್ದು ಮಾತ್ರ ಕೇಳುತ್ತಿತ್ತು.

ಭೀಮಪ್ಪ ಆ ಕಪ್ಪು ತೆರೆಯನ್ನೇ ನೋಡುತ್ತಿದ್ದ. “ತಲಿ ಅಲ್ಲೇ ಇರತಿತ್ತರಿ,” ಎಂದ ಕಡೆಗೆ. “ನನ್ನ ತಲಿ.”

ನೂಲು ಅಳೆದು, ಮೇಲಿನಿಂದ ಆ ಒಂದೇ ಜಾಗದಲ್ಲಿ ಅಗೆಸಿದೆವು. ಕೆಲವೇ ದಿನದಲ್ಲಿ ಜಂಟಿಗೆ ಹೊಸ ಕಾಲರ್, ಅಂದರೆ ಸಿಮೆಂಟಿನ ಬಳೆ, ಕೂಡಿಸಿ, ಉಸುಕು ತೆಗೆದು, ಒಡ್ಡು ಒಡೆದೆವು. ಜಾಕ್‌ವೆಲ್ ತುಂಬಿತು. ಗೌಡರು ಪೇಢೆ ಹಂಚಿದರು, ನನಗೂ ಒಂದು ಕೊಟ್ಟರು. “ಈ ಸರ್ತಿ ಛಲೋ ಆತರಿ. ಮುಂದಿನ ಸರ್ತಿ ಜಂಟಿ ಗಟ್ಟಿ ಇದ್ದಾಗ ಭೀಮ್ಯಾ ಹೋಗ್ತಾನ,” ಎಂದು ನಕ್ಕರು. ಅಷ್ಟರಲ್ಲಿ ಯಾರೋ ಆ ಹಗ್ಗವನ್ನು ಸುತ್ತಿ ಪಂಪ್ ಹೌಸಿನ ಗೂಟಕ್ಕೆ ಮತ್ತೆ ನೇತುಹಾಕುತ್ತಿದ್ದರು.

ನಾನು ಹಗ್ಗವನ್ನು ಗೂಟದಿಂದ ಇಳಿಸಿದೆ. ಟಾಯರು ಕೊಯ್ದಿದ್ದ ಬ್ಲೇಡು ಚೀಲದಲ್ಲೇ ಇತ್ತು.

“ಏ ಮೇಡಂ ಅವರ, ಅದು ಸಂಘದ ಹಗ್ಗ ಐತ್ರಿ!”

“ಭೀಮಪ್ಪನೂ ಸಂಘದವನ ಅದಾನ್ರಿ,” ಎಂದೆ.

ದಪ್ಪ ಹಗ್ಗ, ಸುಲಭಕ್ಕೆ ಕೊಯ್ಯಲು ಬರಲಿಲ್ಲ. ಆಗ ಭೀಮಪ್ಪ ಮುಂದೆ ಬಂದು, ಎರಡೂ ಕೈಯಲ್ಲಿ ಹಗ್ಗವನ್ನು ಬಿಗಿಯಾಗಿ ಎಳೆದು ಹಿಡಿದ. ಗೌಡರ ಎದುರಿಗೇ ಅದನ್ನು ಮೊಳದುದ್ದದ ತುಂಡು ಮಾಡಿದೆ. ಅದಕ್ಕೆ ನನಗೆ ನೋಟಿಸು ಬಂತು. ಉತ್ತರದಲ್ಲಿ ಹೌದು, ಕೊಯ್ದಿದ್ದೇನೆ ಎಂದು ಬರೆದೆ. ನಾನು ನಿವೃತ್ತಳಾಗುವವರೆಗೆ ಆ ಪೈಪಿನೊಳಗೆ ಮನುಷ್ಯರು ಹೋಗಲಿಲ್ಲ. ಪ್ರತಿ ಬೇಸಿಗೆ ಬಗ್ಗಿ ಹೋಗುತ್ತಿತ್ತು, ನೂಲು ಭೀಮಪ್ಪ ಹಿಡಿಯುತ್ತಿದ್ದ.

ಕೆಲಸ ನನಗೆ ಕಲಿಸಿದ್ದು ಇದನ್ನೇ. ಒಬ್ಬರನ್ನು ಒಳಗೆ ಕಳಿಸುವ ಮೊದಲು, ಅವರು ಹೊರಗೆ ಹೇಗೆ ಬರುತ್ತಾರೆ ಎಂದು ಕೇಳಬೇಕು. ಉತ್ತರ ಗೊತ್ತಿಲ್ಲದವರಿಗೆ ಕಳಿಸುವ ಹಕ್ಕಿಲ್ಲ, ಅವರು ಅಧ್ಯಕ್ಷರಾಗಿರಲಿ, ಎಂಜಿನಿಯರ್ ಆಗಿರಲಿ.

ಆ ಬಗ್ಗಿ ಈಗ ನಮ್ಮ ಮನೆಯ ಗೂಡಿನಲ್ಲಿದೆ. ಇಂಥ ಗಾಡಿಗಳ ಹುಚ್ಚಿರುವ ಹುಡುಗರು ಬಂದಾಗ ಅದನ್ನು ನೋಡಿ, “ಆಂಟಿ, ಮುಂದಿನ ಟಾಯರ್ ಎರಡೂ ಉಲ್ಟಾ ಅದಾವ್ರಿ, ಸರಿ ಮಾಡೂಣೇನು?” ಎಂದು ಕೇಳುತ್ತಾರೆ.

ಬೇಡ ಎನ್ನುತ್ತೇನೆ. ಅವು ಹೊಳ್ಳಿ ಮನೆಗೆ ಕರೆತರುವ ಟಾಯರುಗಳು.