ಸ್ವೆಟರಿನ ಹಳದಿ ಗಂಟು

ಸೂಜಿಯಕ್ಕನಿಗೆ ಆ ಹೆಸರು ಬಿದ್ದದ್ದು ಕೈಯಲ್ಲಿದ್ದ ಸೂಜಿಯಿಂದಲೋ, ಚುಚ್ಚುವ ನಾಲಿಗೆಯಿಂದಲೋ, ಆ ಮೂರಂತಸ್ತಿನ ವಠಾರದಲ್ಲಿ ಇಬ್ಬರನ್ನು ಕೇಳಿದರೆ ಎರಡು ಉತ್ತರ ಬರುತ್ತಿತ್ತು. ಇಪ್ಪತ್ತೆರಡು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿದು, ಸೊಂಟ ಕೈಕೊಟ್ಟ ಮೇಲೆ ಮೆಟ್ಟಿಲ ಕೆಳಗೆ ಒಂದು ಹೊಲಿಗೆ ಮೆಷಿನ್ ಹಾಕಿಕೊಂಡು ಕೂತವಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಯಾರಾದರೂ ಅಯ್ಯೋ ಪಾಪ ಅಂದರೆ, "ನನಗೇನ್ರೀ ಕಮ್ಮಿ? ಮೂವತ್ತಾರು ಮನೆ ಮಕ್ಕಳ ಚಡ್ಡಿ ನನ್ನ ಕೈಯಲ್ಲಿದೆ" ಅಂತ ಬಾಯಿ ಮುಚ್ಚಿಸುತ್ತಿದ್ದಳು.

ಅದೇನೂ ಸುಳ್ಳಲ್ಲ. ಗಿಡ್ಡವಾದ ಅಂಗಿ, ಬಿಗಿಯಾದ ಬೂಟು, ಎಲ್ಲವೂ ಮೊದಲು ಅವಳ ಹತ್ತಿರವೇ ಬರಬೇಕು. ಹರಿದದ್ದನ್ನು ಹೊಲಿದು, ಯಾವ ಮನೆಯ ಕೂಸಿಗೆ ಸರಿಹೋಗುತ್ತದೆ ಅಂತ ಕಣ್ಣಳತೆಯಲ್ಲೇ ಹೇಳಿ ದಾಟಿಸುತ್ತಿದ್ದಳು. ಒಮ್ಮೆ ಒಂದು ಫ್ರಾಕಿಗಾಗಿ ಇಬ್ಬರು ತಾಯಂದಿರು ಜುಟ್ಟು ಹಿಡಿದುಕೊಂಡು ಜಗಳವಾಡಿದ ಮೇಲೆ ಒಂದು ಪದ್ಧತಿ ಮಾಡಿದಳು. ಒಂದೊಂದು ಮಗುವಿಗೆ ಒಂದೊಂದು ಬಣ್ಣದ ದಾರ. ಬಟ್ಟೆ ಒಂದು ಮಗುವಿನ ಮೈಯಿಂದ ಇಳಿದು ಅವಳ ಕೈಗೆ ಬಂದಾಗ ಒಳಮಡಿಕೆಯಲ್ಲಿ ಆ ಮಗುವಿನ ಬಣ್ಣದ ಒಂದು ಗಂಟು ಬೀಳುತ್ತಿತ್ತು. ಮಕ್ಕಳಿಗೆ ಅದೇ ದೊಡ್ಡಸ್ತಿಕೆ: "ನಂದ್ರಲ್ಲಿ ಐದು ಗಂಟು, ನಿಂದ್ರಲ್ಲಿ ಬರೀ ಎರಡು!" ಅಂಗಡಿಯಿಂದ ಹೊಸ ಬಟ್ಟೆ ತಂದವರ ಮಗುವೇ ಅಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಲ್ಲಬೇಕಾಗಿತ್ತು.

ಮೂರನೇ ಮಹಡಿಯ ಬಸ್ ಕಂಡಕ್ಟರನ ಮಗಳ ಬಣ್ಣ ಹಳದಿ. ಕೀರಲು ದನಿಯ ಆ ಪೋರಿಯನ್ನು ಎಲ್ಲರೂ ಪೀಪಿ ಅಂತಲೇ ಕರೆಯುತ್ತಿದ್ದರು. ಐದು ವರ್ಷದ ಪೀಪಿ ಜ್ವರ ಅಂತ ಆಸ್ಪತ್ರೆಗೆ ಹೋದದ್ದು ಸೋಮವಾರ. ಗುರುವಾರ ಮಗು ಇಲ್ಲ.

ಏಳು ತಿಂಗಳಾದ ಮೇಲೆ ಕಂಡಕ್ಟರನ ಹೆಂಡತಿ ಚೀಲದಲ್ಲಿ ಒಂದು ನೀಲಿ ಸ್ವೆಟರ್ ಹಿಡಿದು ಕೆಳಗಿಳಿದು ಬಂದಳು. ಕಾರ್ಖಾನೆಯವರು ಅಗ್ಗಕ್ಕೆ ತಳ್ಳಿಹಾಕಿದ ಮಾಲು ಅದು. ಅಂಥದ್ದು ಆ ವಠಾರದ ಇಪ್ಪತ್ತು ಮಕ್ಕಳ ಮೈಮೇಲಿತ್ತು. ಒಳಮಡಿಕೆಯಲ್ಲಿ, ಪೀಪಿಗಿಂತ ಮೊದಲು ಹಾಕಿಕೊಂಡವರ ಕೆಂಪು ಗಂಟು, ಹಸಿರು ಗಂಟು.

"ಅಕ್ಕ, ಇದನ್ನ ಯಾರಿಗಾದ್ರೂ ಕೊಡಿ. ಮಡಚಿಟ್ಟಿದ್ದನ್ನ ನೋಡೋಕಾಗ್ತಿಲ್ಲ. ಓಡಾಡೋ ಮಗು ಮೈಮೇಲೆ ನೋಡ್ಬೇಕು." ಎರಡು ಮೆಟ್ಟಿಲು ಹತ್ತಿದವಳು ಹಿಂತಿರುಗಿದಳು. "ಯಾರದ್ದು ಅಂತ ಮಾತ್ರ ಹೇಳ್ಬೇಡಿ. ಗೊತ್ತಾದ್ರೆ ಯಾರೂ ಹಾಕಲ್ಲ."

ಸೂಜಿಯಕ್ಕ ಹಳದಿ ದಾರ ಪೋಣಿಸಿದಳು. ಸೂಜಿ ಬಟ್ಟೆಗೆ ತಾಗುವಷ್ಟರಲ್ಲಿ ಕೈ ನಿಂತಿತು. ಹಳದಿ ಯಾರದ್ದು ಅಂತ ವಠಾರಕ್ಕೆಲ್ಲ ಗೊತ್ತು. ಗಂಟು ಹಾಕಿದರೆ ಡಂಗುರ ಸಾರಿದ ಹಾಗೆಯೇ. ಹಾಕದೆ ಬಿಟ್ಟಳು. ಗಂಟು ಹಾಕಲು ಶುರುಮಾಡಿದ ಒಂಬತ್ತು ವರ್ಷದಲ್ಲಿ ಅದೊಂದೇ ಸಲ ಒಂದು ಮಗುವಿನ ಗಂಟನ್ನು ನುಂಗಿಹಾಕಿದ್ದು. ಮೇಲೆ ಹೋಗಿ, ಗಂಟು ಹಾಕಿಲ್ಲ ಅಂತ ತಾಯಿಗೆ ಒಂದು ಮಾತು ಹೇಳಬಹುದಿತ್ತು. ಅಷ್ಟುದ್ದ ನಾಲಿಗೆಯವಳಿಗೆ ಆ ಮನೆಯ ಬಾಗಿಲು ತಟ್ಟುವ ಧೈರ್ಯ ಬರಲಿಲ್ಲ.

ಸ್ವೆಟರ್ ಎರಡನೇ ಮಹಡಿಯ ವೈರ್‌ಮನ್ ಮಗಳ ಪಾಲಾಯಿತು. ಅಂಗಳದಲ್ಲಿ ಅದನ್ನು ಹಾಕಿಕೊಂಡು ಓಡುತ್ತಿದ್ದ ಹುಡುಗಿಯನ್ನು ಸೂಜಿಯಕ್ಕ ಪೀಪಿಯ ತಾಯಿಗೆ ಕಣ್ಸನ್ನೆಯಲ್ಲೇ ತೋರಿಸಿದಳು. ಅಂದಿನಿಂದ ಸಂಜೆಯಾದರೆ ಕಂಡಕ್ಟರನ ಹೆಂಡತಿ ಕಿಟಕಿಯಲ್ಲಿ. ತಿಂಗಳುಗಟ್ಟಲೆ ಬಿಟ್ಟಿದ್ದ ತಲೆ ಬಾಚಿಕೊಂಡಳು, ಗಂಡನಿಗೆ ಬಿಸಿಯಾಗಿ ಅಡುಗೆ ಮಾಡಿ ಬಡಿಸಿದಳು. ಸದ್ಯ, ಹೆಂಗಸು ಬದುಕಿಕೊಂಡಳು ಅಂದುಕೊಂಡಳು ಸೂಜಿಯಕ್ಕ.

ಹನ್ನೊಂದನೆಯ ದಿನ ವೈರ್‌ಮನ್ ಮಗಳು ಮೆಟ್ಟಿಲ ಬುಡದಲ್ಲಿ ಎಡವಿ ಬಿದ್ದಳು. ನೀರು ತರಲು ಇಳಿದಿದ್ದ ಕಂಡಕ್ಟರನ ಹೆಂಡತಿ ಎತ್ತಿ ನಿಲ್ಲಿಸಿದಳು, ಮಂಡಿ ಒರೆಸಿದಳು. ಕೈ ತಾನಾಗಿಯೇ ಸ್ವೆಟರಿನ ಅಂಚಿಗೆ ಹೋಯಿತು. ಮಡಿಕೆ ತಿರುವಿದಳು. ಇನ್ನೊಮ್ಮೆ ತಿರುವಿದಳು.

"ಕೆಂಪಿದೆ, ಹಸಿರಿದೆ. ನನ್ನ ಮಗಳದ್ದೆಲ್ಲಿ? ಅಕ್ಕಾ, ನನ್ನ ಪೀಪಿ ಗಂಟೆಲ್ಲಿ?"

ಆ ಕೂಗಿಗೆ ಮೂರೂ ಮಹಡಿಯ ಬಾಗಿಲುಗಳು ತೆರೆದವು. ವೈರ್‌ಮನ್ ಹೆಂಡತಿ ದಡದಡ ಇಳಿದು ಬಂದು ಮಗಳ ತಲೆಯ ಮೇಲಿಂದ ಸ್ವೆಟರ್ ಎಳೆದು ನೆಲಕ್ಕೆ ಎಸೆದಳು.

"ಸತ್ತ ಮಗೂದನ್ನ ತಂದು ನನ್ನ ಮಗೂಗೆ ಹಾಕಿದ್ರಾ? ನೀವು ಹೆತ್ತಿದ್ರೆ ತಾನೇ ಗೊತ್ತಾಗೋದು!"

ಆ ವಾರವೇ ನೀಲಿ ಸ್ವೆಟರುಗಳೆಲ್ಲ ವಾಪಸ್ಸು ಬಂದವು. ಆಮೇಲೆ ಫ್ರಾಕು, ಬೂಟು, ಕೂಸಿನ ಹೊದಿಕೆ. ಇನ್ಯಾವುದರಲ್ಲಿ ಯಾರ ಗಂಟು ಬಿಟ್ಟಿದ್ದಾಳೋ, ಯಾರು ಕಂಡರು? ಹೆತ್ತವರ ಭಯ, ತಪ್ಪು ಅನ್ನುವುದು ಹೇಗೆ? ಆದರೆ ರಾತ್ರಿ ಹಗಲೆನ್ನದೆ ಅವಳಿಂದ ಹೊಲಿಸಿಕೊಂಡವರಲ್ಲಿ ಒಬ್ಬರಾದರೂ ಮುಖ ನೋಡಿ ಮಾತಾಡಬಹುದಿತ್ತು. ಗಂಟುಮೂಟೆಗಳನ್ನು ಮೆಷಿನ್ ಪಕ್ಕಕ್ಕೆ ಒಗೆದು, ಬೆನ್ನು ತಿರುಗಿಸಿ ಹೋದರು.

ಸೂಜಿಯಕ್ಕ ಪೀಪಿಯ ಸ್ವೆಟರಿಗೆ ಹಳದಿ ಗಂಟು ಹಾಕಿ, ಅದನ್ನು ಹಿಡಿದು, ಸೊಂಟ ಹಿಡಿದು, ಮೂರನೇ ಮಹಡಿ ಹತ್ತಿದಳು. "ತಪ್ಪಾಯ್ತು ಕಣಮ್ಮ," ಅಂದಳು. ಜೀವಮಾನದಲ್ಲಿ ಆ ಮಾತು ಅವಳ ಬಾಯಿಂದ ಯಾರೂ ಕೇಳಿರಲಿಲ್ಲ. ಕಂಡಕ್ಟರನ ಹೆಂಡತಿ ಗಂಟಿನ ಮೇಲೆ ಬೆರಳಾಡಿಸಿದಳು.

"ಆ ಹುಡುಗೀನೂ ಹನ್ನೊಂದು ದಿನ ಹಾಕ್ಕೊಂಡಿದ್ಳಲ್ಲ ಅಕ್ಕ. ಅವಳದ್ದೂ ಹಾಕಿ."

ವೈರ್‌ಮನ್ ಮಗಳದ್ದು ನೇರಳೆ. ಕೆಳಗಿಳಿದು ದಾರ ತಂದು, ಹೊಸ್ತಿಲಲ್ಲೇ ಕೂತು ಹಾಕಿದಳು. ಎರಡು ಸಲ ಬೆರಳಿಗೆ ಚುಚ್ಚಿಕೊಂಡಳು.

"ಈಗ ಸರಿಯಾಯ್ತು. ಮುಂದಿನ ಮಗೂಗೆ ಕೊಡಿ," ಅಂತ ತಾಯಿ ಸ್ವೆಟರನ್ನು ಮತ್ತೆ ಅವಳ ಕೈಗಿಟ್ಟಳು.

ಇನ್ನೆಲ್ಲಿಯ ಮುಂದಿನ ಮಗು! ನಾಲ್ಕು ದಿನ ಬಿಟ್ಟು, "ಹೋಯ್ತಾ ಅಕ್ಕ?" ಅಂತ ತಾಯಿ ಕೇಳಿದಾಗ, "ಹೋಯ್ತು ಕಣಮ್ಮ, ಆಚೆ ಬೀದಿಗೆ," ಅಂದುಬಿಟ್ಟಳು ಸೂಜಿಯಕ್ಕ. ಇನ್ನೇನು ಹೇಳಬೇಕಿತ್ತು, ನೀವೇ ಹೇಳಿ.

ಈಗ ಕಂಡಕ್ಟರನ ಹೆಂಡತಿ ದಿನಾ ಸಂಜೆ ಆಚೆ ಬೀದಿಯ ಆಟದ ಬಯಲಿಗೆ ಹೋಗಿ ಬೇಲಿ ಹಿಡಿದು ನಿಲ್ಲುತ್ತಾಳೆ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಹಿಂತಿರುಗಿ, ಮೆಟ್ಟಿಲ ಹತ್ತಿರ ಒಂದು ಗಳಿಗೆ ನಿಲ್ಲುತ್ತಾಳೆ.

"ಇವತ್ತೂ ಕಾಣಲಿಲ್ಲ ಅಕ್ಕ. ಒಗೆಯೋಕೆ ಹಾಕಿರ್ಬೇಕು, ಅಲ್ವಾ?"

"ಹೂಂ ಕಣಮ್ಮ. ಮಕ್ಕಳು ಕೊಳೆ ಮಾಡ್ಕೋತಾವಲ್ಲ, ಒಗೆಯೋಕೆ ಹಾಕಿರ್ತಾರೆ," ಅನ್ನುತ್ತಾಳೆ ಸೂಜಿಯಕ್ಕ. ಸ್ವೆಟರ್ ಅವಳ ಮಂಡಿಗೆ ತಗಲುವ ಮೆಷಿನ್ನಿನ ಡ್ರಾಯರಿನಲ್ಲೇ ಇರುತ್ತದೆ.