ಗಾಣಗಿತ್ತಿ ಕಂಬದ ಮುಂದೆ ಹರಸಿದ್ದು

ಮೊನ್ನೆ ಸಂತೆಯಲ್ಲಿ ಯಾರೋ ಎಮ್ಮೆಗೆಂದು ಕುಸುಬಿ ಹಿಂಡಿಯ ಚೀಲ ಬಿಚ್ಚಿದರು. ಆ ಬೆಚ್ಚನೆಯ, ತುಸು ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಮಕ್ಕಳೇ, ಅದು ನನ್ನ ತವರುಮನೆಯ ವಾಸನೆ. ಮಲಪನಗುಡಿಯಲ್ಲಿ ನಮ್ಮದು ಎತ್ತಿನ ಗಾಣದ ಮನೆ. ನಡುಮನೆಯ ಆಚೆ ಕಲ್ಲಿನ ಗಾಣ. ಎತ್ತು ಸುತ್ತಿದಂತೆಲ್ಲ ಅದು ಕಿರ್ರೆನ್ನುತ್ತಿತ್ತು. ಆ ಸದ್ದಿನಲ್ಲೇ ನಿದ್ದೆ ಹೋಗುತ್ತಿದ್ದೆವು, ಸದ್ದು ನಿಂತರೆ ಎಚ್ಚರವಾಗುತ್ತಿದ್ದೆವು. ಗೋಡೆ, ಬಾಗಿಲು, ನನ್ನ ಲಂಗ, ಶಾಲೆಯ ಪಾಟಿ ಎಲ್ಲಕ್ಕೂ ಎಣ್ಣೆಯ ಜಿಡ್ಡು. ಪಕ್ಕದಲ್ಲಿ ಕೂತ ಹುಡುಗಿಯರು ಮೂಗು ಮುಚ್ಚುತ್ತಿದ್ದರು. ತಲೆ ತಗ್ಗಿಸಿ ಕೂರುವುದನ್ನು ನಾನು ಕಲಿತದ್ದು ಅಲ್ಲಿಯೇ.

ಮನೆಯ ಯಜಮಾನಿಕೆ ಅಪ್ಪನ ತಾಯಿ ನಿಂಗಮ್ಮಜ್ಜಿಯದು. ಕಾರ್ತಿಕ ಬಂದರೆ ಒಂದು ಗಿಂಡಿ ಎಣ್ಣೆ ಹಿಡಿದು, ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು, ಕಮಲಾಪುರ ದಾಟಿ ಕಂಪ್ಲಿ ರಸ್ತೆಯ ಗಾಣಗಿತ್ತಿ ಗುಡಿಗೆ ಹೊರಡುತ್ತಿದ್ದಳು. ಹಾಳು ಕೋಟೆಯ ಒಳಗೆ, ಹೊಲಗಳ ನಡುವೆ ಅದೊಂದು ಹಳೆಯ ಜೈನ ಬಸದಿ. ಒಳಗೆ ದೇವರಿಲ್ಲ, ಬಾವಲಿಗಳಿದ್ದವು. ಮುಂದೆ ಮಾತ್ರ ಎತ್ತರದ ದೀಪದ ಕಂಬ. ಕತ್ತೆತ್ತಿ ನೋಡಿದರೆ ಮೋಡದ ಜೊತೆ ಅದೂ ಹೊರಟಂತೆ ಕಾಣುತ್ತಿತ್ತು. ಅಜ್ಜಿ ಅದರ ಬುಡಕ್ಕೆ ಎಣ್ಣೆ ಸವರಿ, ಒಂದು ಹಣತೆ ಹಚ್ಚುತ್ತಿದ್ದಳು. ನಾವು ಶಿವನ ಒಕ್ಕಲು, ಜೈನರ ಕಂಬಕ್ಕೆ ಎಣ್ಣೆ ಯಾಕೆ ಎಂದು ಕೇಳಿದ್ದೆ. "ಹೆಸರು ನಮ್ದೈತಲ್ಲಲೇ ಹುಚ್ಚಿ. ನಮ್ಮ ಹೆಸರು ಇಟ್ಕೊಂಡೋರ ಮನಿಗೆ ಬರಿಗೈಲೆ ಬರಬಾರ್ದು" ಅಂದಿದ್ದಳು. ಹೊರಡುವಾಗ ನಾನು ದೀಪ ಆರಿಸಲೇ ಅಂದರೆ ಬೆನ್ನಿಗೊಂದು ಗುದ್ದು. ನಮ್ಮ ಮನೆಯಲ್ಲಿ ದೀಪ 'ಆರಿಸು' ಅನ್ನುವಂತಿರಲಿಲ್ಲ. 'ದೊಡ್ಡದು ಮಾಡು' ಅನ್ನಬೇಕು. ಎಣ್ಣೆಯಿಂದ ಅನ್ನ ತಿನ್ನುವವರ ಬಾಯಲ್ಲಿ ದೀಪ ಆರಬಾರದು.

ಈ ಮಾತನ್ನು ನನ್ನ ಜೊತೆಗೇ ಕೇಳಿ ಬೆಳೆದವನು ಚಿಕ್ಕಪ್ಪನ ಮಗ ಬಸಣ್ಣ. ಸಂಡೂರಿನ ಗುಡ್ಡಗಳಿಂದ ಅದಿರಿನ ಲಾರಿಗಳು ಹಗಲುರಾತ್ರಿ ಹೊಸಪೇಟೆಗೆ ಇಳಿಯುತ್ತಿದ್ದ ಕಾಲ. ರಸ್ತೆಗೆ ಹತ್ತಿರದ ಬಯಲೆಲ್ಲ ಅದಿರು ಸುರಿಯುವ ಜಾಗವಾಗತೊಡಗಿತ್ತು. ಅಷ್ಟರಲ್ಲಿ ಹಿರಿಯರೆಲ್ಲ ಹೋಗಿದ್ದರು. ಮನೆಯಲ್ಲಿ ಅವನಿಗೂ ನನಗೂ ಸಮ ಪಾಲು. ಒಂದು ದಿನ ಬಂದು, "ಅಕ್ಕ, ಗ್ವಾಡಿ ಬಿದ್ದಾವ. ಮನಿ ದೊಡ್ಡದು ಮಾಡ್ತೀನಿ, ಹೂಂ ಅನ್ನು" ಅಂದ. ಎರಡು ಕೋಣೆ ಹಾಕಿಸುತ್ತಾನೆ ಅಂದುಕೊಂಡು ಹೂಂ ಅಂದೆ.

ಪಂಚಮಿಗೆ ಉಂಡಿ ಕಟ್ಟಿಕೊಂಡು ಹೋದರೆ ಮನೆಯೇ ಇಲ್ಲ. ಕೆಂಪು ಗುಡ್ಡೆಗಳು, ಸಾಲು ಲಾರಿಗಳು. ಗಾಣದ ಕಲ್ಲನ್ನು ಉರುಳಿಸಿ, ಲಾರಿ ಹಿಂದೆ ಸರಿಯದಂತೆ ಚಕ್ರಕ್ಕೆ ಅಡ್ಡ ಇಟ್ಟಿದ್ದರು. "ದೊಡ್ಡದು ಮಾಡ್ತೀನಿ ಅಂದಿದ್ದೆಲ್ಲೋ" ಅಂದೆ. "ಮಾಡೀನಲ್ಲಕ್ಕ! ಅಜ್ಜಿ ಮಾತು ಮರ್ತಿಯೇನು?" ಅಂದು ನಕ್ಕ. ಜೊತೆಗಿದ್ದ ಡ್ರೈವರುಗಳು ಅರ್ಥವಾಗದಿದ್ದರೂ ನಕ್ಕರು. ನಾನು ಅಳಲಿಲ್ಲ. ಉಂಡಿಯ ಗಂಟನ್ನು ಬಿಚ್ಚದೆ ತಿರುಗಿ ಬಂದೆ. ಅಂದಿನಿಂದ ದಿನವೂ ಅವನ ಆ ನಗುವನ್ನು ಅರೆಯುತ್ತಾ ಇದ್ದೆ.

ಅವನ ಮಗಳನ್ನು ಕಂಪ್ಲಿಯ ಅಕ್ಕಿ ಗಿರಣಿಯವರಿಗೆ ಗೊತ್ತು ಮಾಡಿದ ವರ್ಷ, ಮಗಳನ್ನೂ ಕರೆದುಕೊಂಡು ಬೀಗರಿಗೆ ಹಂಪಿ ತೋರಿಸಲು ಹೊರಟ. ಮನೆಯ ಹಿರಿಯಳೆಂದು ತೋರಿಸಲು ನಾನೂ ಬೇಕಾಗಿತ್ತು. ಗಾಣಗಿತ್ತಿ ಗುಡಿಯ ಹತ್ತಿರ ಜೀಪು ನಿಂತಾಗ ಮೆಲ್ಲಗೆ, "ಅಕ್ಕ, ನೀ ಒಳಗ ಕುಂದ್ರು. ಶುಭಕಾರ್ಯ ನೋಡು" ಅಂದ. ಗಂಡ ಸತ್ತವಳಲ್ಲವೇ ನಾನು. ಕುಂತೆ. ಕಿಟಕಿಯಿಂದ ಎಲ್ಲ ಕೇಳುತ್ತಿತ್ತು. "ಈ ಕಂಬಕ್ಕ ಎಣ್ಣಿ ನಮ್ಮ ಮನಿದ ರೀ. ಭಾಳ ಹಳೇ ಮನೆತನ" ಅನ್ನುತ್ತಿದ್ದ. ಹುಡುಗನ ಅಜ್ಜಿ ಗಟ್ಟಿಗಿತ್ತಿ. "ಹಂಗಾರ ಇವತ್ತು ತಂದೀರೇನ್ರಿ ಎಣ್ಣಿ?" ಅಂದಳು. "ಡೀಸೆಲ್ ಐತ್ರಿ, ಹಾಕ್ಲೇನು?" ಅಂದ. ಎಲ್ಲರೂ ನಕ್ಕರು.

ಆ ಮುದುಕಿಯೇ ಜೀಪಿನ ಬಾಗಿಲು ತೆಗೆದು ನನ್ನ ಕೈ ಹಿಡಿದಳು. "ಹಿರೇರು ನೀವ ಒಳಗ ಕುಂತ್ರ ಹೆಂಗ್ರಿ? ನಾನೂ ಗಂಡನ್ನ ಕಳಕೊಂಡಾಕಿನ. ಬರ್ರಿ, ಹರಸ್ರಿ." ನಾನು ಇಳಿದೆ. ಹುಡುಗಿಯ ತಲೆ ಮುಟ್ಟಿ ಮನಸಾರೆ, "ನೂರು ವರ್ಷ ಬಾಳವ್ವ" ಅಂದೆ. ಆಮೇಲೆ ಬಸಣ್ಣ ಬೀಗರಿಗೆ ಕಾಣುವಂತೆ ನನ್ನ ಕಾಲಿಗೆ ಬಗ್ಗಿದ. ಹುಟ್ಟಿದಾರಭ್ಯ ನಾಲ್ಕು ಜನರ ಮುಂದೆ ಬಾಯಿ ತೆರೆಯದವಳು, ಅಂದು ಎಲ್ಲರಿಗೂ ಕೇಳುವಂತೆ ಹೇಳಿದೆ:

"ನಿನ್ನ ಮನಿನೂ ದೊಡ್ಡದಾಗ್ಲೆಪ್ಪ, ಬಸಣ್ಣ."

ಬೀಗರು ತಲೆದೂಗಿದರು. ಬಗ್ಗಿದವನು ಮಾತ್ರ ಏಳಲು ಹೊತ್ತು ತೆಗೆದುಕೊಂಡ. ಎದ್ದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. ಆ ಮುಖ ನೋಡಿ ನನಗಾದ ಸಂತೋಷವನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆ ರಾತ್ರಿ ಎಷ್ಟೋ ವರ್ಷಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಗಣಿಗಳು ನಿಂತಾಗ ಅವನ ಲಾರಿಗಳೂ ನಿಂತವು. ಕಟ್ಟಿಸಿದ್ದ ಮಹಡಿ ಮನೆ ಕೈಬಿಟ್ಟಿತು. ಒಂದು ಮಧ್ಯಾಹ್ನ ಬಂದು ನನ್ನ ಹೊಸ್ತಿಲಲ್ಲಿ ಕೂತ. "ಅಕ್ಕ, ಆ ಮಾತು ವಾಪಸ್ ತಗೋ" ಅಂದ. "ಯಾವ ಮಾತೋ? ಹರಸೀನಿ ಅಷ್ಟ" ಅಂದೆ. ಕಣ್ಣೀರು ಹಾಕಿದ. ನೀರು ಕೊಟ್ಟೆ, ಮಾತು ಕೊಡಲಿಲ್ಲ. ಗಣಿ ನಿಂತದ್ದು ನನ್ನ ಮಾತಿಗಲ್ಲ ಎಂದು ನನಗೂ ಗೊತ್ತು. ಅವನು ಹಾಗೆ ನಂಬಿದ್ದಾನಲ್ಲ, ನನಗೆ ಅಷ್ಟು ಸಾಕು. ನನಗೆ ಮಾಡಿದ್ದಾಗಿದ್ದರೆ ಬಿಟ್ಟುಬಿಡುತ್ತಿದ್ದೆನೇನೋ. ಆ ಮನೆಯ ಪರವಾಗಿ ಕ್ಷಮಿಸಲು ನಾನು ಯಾರು?

ಈಗಲೂ ಹೊಸಪೇಟೆಯಿಂದ ಬಸ್ಸಿನಲ್ಲಿ ಬರುವಾಗ ಕಂಡಕ್ಟರ್ ಮಲಪನಗುಡಿ ಎಂದು ಕೂಗುತ್ತಾನೆ. ಯಾರೋ ಹೆಣ್ಣುಮಗಳು ಗಂಟು ಎತ್ತಿಕೊಂಡು, ಸೆರಗು ಸರಿಮಾಡಿಕೊಂಡು, ತವರಿಗೆ ಇಳಿಯುತ್ತಾಳೆ. ನಾನು ಕಾಲು ಮಡಚಿ ಅವಳಿಗೆ ದಾರಿ ಬಿಡುತ್ತೇನೆ.